ಬರೆಯಬೇಕೆಂದುದೂ ಬರೆಸಿಕೊಂಡುದೂ

ವಿನಾಯಕನನ್ನು ಮಾಡಹೋಗಿ ವಾನರನನ್ನು ಮಾಡಿದನೆಂಬ ಗಾದೆ ಈ ದೇಶದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಉದ್ದೇಶಿಸಿದುದು ಒಂದು, ಕೈಯಿಂದ ಹೊರಬಿದ್ದುದು ಇನ್ನೊಂದು ಆದಾಗ ಕುಶಲತೆಯಿಲ್ಲದ ಕೆಲಸಗಾರನನ್ನು ಹಾಸ್ಯಮಾಡಲು ಅದನ್ನು ಹೇಳುವುದು ವಾಡಿಕೆ. ಆದರೆ ಆ ಗಾದೆಯನ್ನು ಸ್ವಲ್ಪ ಮುಂದಕ್ಕೆ ಎಳೆದು ನೋಡಬಹುದು. ಒಬ್ಬ ಶಿಲ್ಪಿಯು ವಿನಾಯಕನ ವಿಗ್ರಹವನ್ನು ಶ್ರದ್ಧೆಯಿಂದ ಕಡೆದು ಮುಗಿಸಿ, ಬಿಡುವಿನ ವೇಳೆಯಲ್ಲಿ ಹೊಟ್ಟೆಪಾಡಿಗೆಂದು ಉಳಿದ ಕಲ್ಲಿನ ತುಂಡಿನಲ್ಲಿ ಒಂದು ವಾನರನನ್ನು ಕಡೆದನೆಂದು ಭಾವಿಸೋಣ. ಊರಿನವರು ವಿನಾಯಕನಿಗೆ ನಡೆಯುತ್ತಲೇ ಒಂದು ಕೈಮುಗಿದು ಮುಂದೆ ಹೋಗಿ, ಆ ವಾನರನಿಗೆ ಗುಡಿ ಕಟ್ಟಿಸಿ, ಹನುಮಂತನೆಂದು ಹೆಸರಿಟ್ಟು, ನಿತ್ಯಪೂಜೆಯನ್ನು ನಡೆಸತೊಡಗಿದರೆ ಆ ಶಿಲ್ಪಿಯು ಏನು ಮಾಡಬೇಕು? ಬಂದ ಭಾಗ್ಯಕ್ಕೆ ಸಂತೋಷಪಡಬೇಕೆ? ಅಥವಾ ಗುಡಿಯ ಬಾಗಿಲನ್ನು ಮುರಿದು, ತಾನೇ ಮಾಡಿದ ವಿಗ್ರಹವನ್ನು ಒಡೆದುಹಾಕಿ, ಜನರ ಕಣ್ಣು ವಿನಾಯಕನ ಕಡೆಗೆ ತಿರುಗುವಂತೆ ಮಾಡಬೇಕೆ? ಹಾಗೆ ಒಡೆಯುವ ಅಧಿಕಾರವಾದರೂ ಅವನಿಗೆ ಉಳಿದಿದೆಯೆ?

ಇದು ಬರಿಯ ಕಲ್ಪನೆಯ ಪ್ರಶ್ನೆಯಲ್ಲ. ಪತ್ತೇದಾರಿ ಕಥೆಗಳಿಂದ ಲೋಕಪ್ರಸಿದ್ಧನಾದ ಆರ್ಥರ್ ಕಾನನ್ ಡಾಯ್ಲನ ಜೀವಿತದಲ್ಲಿ ಇದು ಹೆಚ್ಚು ಕಡಮೆ ಹೀಗೆಯೇ ನಡೆದುಹೋಯಿತು. ಆತನು ಬರೆಯಬೇಕೆಂದು ಹಂಬಲಿಸಿದ ಗ್ರಂಥಗಳು ಬೇರೆ. ಲೋಕವು ಆತನಿಂದ ಬರೆಸಿಕೊಂಡ ಗ್ರಂಥಗಳು ಬೇರೆ. ಇವೆರಡರ ನಡುವಣ ಜಗಳದಲ್ಲಿ ಆತನು ನಲವತ್ತು ವರ್ಷ ಬಾಳಿದನು. ಆ ಜಗಳವನ್ನು ಕೇವಲ ಸಾಹಿತ್ಯಚರಿತ್ರೆಯ ಒಂದು ವಿನೋದವೆಂದು ತಳ್ಳಿಹಾಕುವುದು ಸರಿಯಲ್ಲ. ಕೆಲಸವೊಂದನ್ನು ಹಿಡಿದು ಬಾಳುವ ಪ್ರತಿಯೊಬ್ಬನಿಗೂ ಸಂಬಂಧಿಸಿದ ಧರ್ಮಸೂಕ್ಷ್ಮವೊಂದು ಅದರಲ್ಲಿ ಅಡಗಿದೆ.

ಡಾಯ್ಲನು 1859ನೆಯ ಮೇ 22ರಂದು ಎಡಿನ್‌ಬರೊ ನಗರದಲ್ಲಿ ಹುಟ್ಟಿದನು. ಮನೆಯಲ್ಲಿ ಬಡತನ, ತಂದೆ ಚಿತ್ರಕಲೆಯನ್ನು ಬಲ್ಲವನಾದರೂ ಕುಡಿತಕ್ಕೂ ಚಿತ್ತವೈಕಲ್ಯಕ್ಕೂ ತುತ್ತಾದವನು. ಮಕ್ಕಳಿಗೆ ಹಳೆಯ ಕಾಲದ ವೀರರ ಕಥೆಗಳನ್ನು ಹೇಳಿ ಬೆಳೆಸಿದವಳು ತಾಯಿ. ಶೂರರು, ಕೊಟ್ಟ ಮಾತು, ಕುಲದ ಮಾನ, ಇವುಗಳ ಮೇಲಣ ಮೋಹವು ಆ ಹುಡುಗನ ಎದೆಯಲ್ಲಿ ಆಗಲೇ ಬೇರೂರಿತು. ಎಡಿನ್‌ಬರೊ ವಿಶ್ವವಿದ್ಯಾನಿಲಯದಲ್ಲಿ ವೈದ್ಯವನ್ನು ಓದುತ್ತಿದ್ದಾಗ ಜೋಸೆಫ್ ಬೆಲ್ ಎಂಬ ಶಸ್ತ್ರವೈದ್ಯನು ಆತನಿಗೆ ಗುರುವಾಗಿ ದೊರೆತನು. ರೋಗಿಯು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅವನ ನಡಿಗೆ, ಕೈಗಳು, ಬಟ್ಟೆಬರೆ ಇವುಗಳನ್ನು ನೋಡಿ, ಅವನ ಕಸುಬೇನು, ಅವನು ಎಲ್ಲಿಂದ ಬಂದವನು ಎಂಬುದನ್ನು ಹೇಳಿಬಿಡುತ್ತಿದ್ದ ಗುರು ಅವನು. ತಾಯಿ ಕೊಟ್ಟುದು ಒಂದು ಬೀಜ, ಗುರು ಕೊಟ್ಟುದು ಇನ್ನೊಂದು ಬೀಜ. ಡಾಯ್ಲನು ಮೊದಲನೆಯದನ್ನೇ ತನ್ನದೆಂದು ತಿಳಿದನು. ಲೋಕವು ಎರಡನೆಯದರ ಫಲವನ್ನು ಬಯಸಿತು.

1882ರಲ್ಲಿ ಆತನು ಸೌತ್‌ಸೀ ಎಂಬಲ್ಲಿ ವೈದ್ಯವೃತ್ತಿಗೆ ತೊಡಗಿದನು. ರೋಗಿಗಳು ವಿರಳ, ಬಿಡುವು ಧಾರಾಳ. 1886ರಲ್ಲಿ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಎಂಬ ಸಣ್ಣ ಕಾದಂಬರಿಯನ್ನು ಬರೆದನು. ಷರ್ಲಾಕ್ ಹೋಮ್ಸ್ ಎಂಬ ಪತ್ತೇದಾರನು ಮೊದಲು ಕಾಣಿಸಿಕೊಂಡುದು ಅದರಲ್ಲಿ. ಗ್ರಂಥದ ಸರ್ವಸ್ವಾಮ್ಯವನ್ನೂ ಪ್ರಕಾಶಕರು 25 ಪೌಂಡುಗಳಿಗೆ ಕೊಂಡುಕೊಂಡು 1887ರಲ್ಲಿ ಅಚ್ಚುಹಾಕಿದರು. ಆದರೆ ಅಷ್ಟರಲ್ಲಿ ಆತನ ಮನಸ್ಸು ಇತಿಹಾಸದ ಕಡೆಗೆ ಹರಿದಿತ್ತು. 1685ರ ಮನ್‌ಮತ್ ದಂಗೆಯನ್ನು ಕುರಿತ 'ಮೈಕಾ ಕ್ಲಾರ್ಕ್' 1889ರಲ್ಲಿ ಹೊರಬಂದಿತು. ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಬಿಲ್ಲುಗಾರರನ್ನು ಕುರಿತ 'ದಿ ವೈಟ್ ಕಂಪನಿ' 1891ರಲ್ಲಿ ಪ್ರಕಟವಾಯಿತು. ಅದಕ್ಕಾಗಿ ಆತನು ಹಳೆಯ ಚರಿತ್ರೆಗಳನ್ನೂ ಯುದ್ಧವಿವರಗಳನ್ನೂ ಆಯುಧಗಳ ವರ್ಣನೆಗಳನ್ನೂ ರಾಶಿಹಾಕಿಕೊಂಡು ಓದಿದ್ದನು. ಮುಂದೆ ಬರೆಯಬೇಕಾದುದೂ ಈ ಜಾತಿಯ ಗ್ರಂಥಗಳನ್ನೇ ಎಂಬುದು ಆತನ ಸಂಕಲ್ಪ. ವಿನಾಯಕನ ವಿಗ್ರಹವೆಂದರೆ ಇದು.

ಅದೇ 1891ರಲ್ಲಿ ಆತನು ಲಂಡನ್ನಿಗೆ ಬಂದು ಕಣ್ಣಿನ ವೈದ್ಯನೆಂದು ಕೋಣೆ ಹಿಡಿದನು. ಒಬ್ಬ ರೋಗಿಯೂ ಆ ಬಾಗಿಲನ್ನು ತಟ್ಟಲಿಲ್ಲವೆಂದು ಆತನೇ ತನ್ನ ಆತ್ಮಚರಿತ್ರೆಯಲ್ಲಿ ಒಪ್ಪಿಕೊಂಡಿದ್ದಾನೆ. ಆ ಬಿಡುವಿನಲ್ಲಿ ಹೋಮ್ಸನನ್ನೇ ನಾಯಕನನ್ನಾಗಿಟ್ಟುಕೊಂಡು ಸಣ್ಣ ಕಥೆಗಳನ್ನು ಬರೆದು 'ಸ್ಟ್ರಾಂಡ್' ಮಾಸಪತ್ರಿಕೆಗೆ ಕಳುಹಿಸಿದನು. ಜುಲೈ ಸಂಚಿಕೆಯಿಂದ ಅವು ಬರತೊಡಗಿದುವು. ಕೆಲವೇ ತಿಂಗಳುಗಳಲ್ಲಿ ಹೋಮ್ಸನ ಹೆಸರು ಮನೆಮಾತಾಯಿತು. ಇತ್ತ ಗ್ರಂಥಕರ್ತನ ಮನಸ್ಸಿನಲ್ಲಿ ಬೇಸರವೂ ಅಷ್ಟೇ ವೇಗದಿಂದ ಹುಟ್ಟಿತು. ಆ ವರ್ಷದ ನವೆಂಬರಿನಲ್ಲಿಯೇ ತಾಯಿಗೆ ಕಾಗದ ಬರೆದು, ಹೋಮ್ಸನನ್ನು ಕೊಂದುಬಿಡಬೇಕೆಂದಿರುವುದಾಗಿಯೂ, ಉತ್ತಮವಾದ ಕೆಲಸದಿಂದ ಅವನು ತನ್ನ ಮನಸ್ಸನ್ನು ಸೆಳೆದುಬಿಡುತ್ತಿರುವನೆಂದೂ ತಿಳಿಸಿದನು. ಮುದುಕಿ ಒಪ್ಪಲಿಲ್ಲ, ಕೊಲ್ಲಬೇಡವೆಂದಳು. ಒಂದು ಹೊಸ ಕಥೆಗೆ ಬೇಕಾದ ಸುಳಿವನ್ನೂ ಮಗನಿಗೆ ಒದಗಿಸಿದಳು. ಮುಂದೆ ಹನ್ನೆರಡು ಕಥೆಗಳಿಗೆ ಪತ್ರಿಕೆಯವರು ಬೇಡಿಕೆಯಿಟ್ಟಾಗ, ನಿರಾಕರಿಸಲೆಂಬ ಆಸೆಯಿಂದಲೇ ಆತನು 1000 ಪೌಂಡು ಕೇಳಿದನು. ಅವರು ಒಡನೆಯೇ ಒಪ್ಪಿಬಿಟ್ಟರು.

1893ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿದ್ದಾಗ ಆತನು ರೈಕೆನ್‌ಬಾಕ್ ಜಲಪಾತವನ್ನು ಕಂಡನು. ಹೋಮ್ಸನ ಅಂತ್ಯಕ್ಕೆ ಅದು ತಕ್ಕ ಸ್ಥಳವೆಂದು ತೋರಿತು. ಆ ವರ್ಷವೇ ಹೆಂಡತಿಗೆ ಕ್ಷಯರೋಗವೆಂದು ಗೊತ್ತಾಯಿತು. ಅಕ್ಟೋಬರಿನಲ್ಲಿ ತಂದೆ ಆಸ್ಪತ್ರೆಯೊಂದರಲ್ಲಿ ತೀರಿಕೊಂಡನು. ಡಿಸೆಂಬರ್ ಸಂಚಿಕೆಯಲ್ಲಿ ಹೋಮ್ಸನು ಆ ಜಲಪಾತದ ಪ್ರಪಾತಕ್ಕೆ ಬಿದ್ದನು. ಓದುಗರು ಕೆರಳಿದರು; ಅನೇಕರು ಪತ್ರಿಕೆಯ ಚಂದಾ ನಿಲ್ಲಿಸಿದರೆಂದು ಪ್ರತೀತಿ. ಬೈಗುಳದ ಕಾಗದಗಳೂ ಬಂದುವು. ಅತಿಯಾಗಿ ತಿಂದ ಭಕ್ಷ್ಯದ ಹೆಸರೆತ್ತಿದರೆ ಓಕರಿಕೆ ಬರುವ ಸ್ಥಿತಿಗೆ ಡಾಯ್ಲನು ತನ್ನ ಆಗಿನ ಮನಸ್ಸನ್ನು ಹೋಲಿಸಿದ್ದುಂಟು. ತಂದೆಯನ್ನು ಕಳೆದುಕೊಂಡ, ಹೆಂಡತಿಯ ಮರಣವನ್ನು ಎದುರುನೋಡುತ್ತಿದ್ದ ಮನುಷ್ಯನಿಗೆ ಎಂದೂ ಹುಟ್ಟದಿದ್ದವನೊಬ್ಬನ ಸಾವಿಗಾಗಿ ಅಷ್ಟು ಜನ ಅತ್ತುದು ವಿಚಿತ್ರವಾಗಿ ತೋರಿದ್ದರೆ ಅದರಲ್ಲಿ ಆಶ್ಚರ್ಯವೇನು?

ಇಲ್ಲಿ ಎರಡು ಪಕ್ಷಗಳು ಎದುರುಬದರಾಗಿ ನಿಲ್ಲುತ್ತವೆ. ಗ್ರಂಥಕರ್ತನ ಪಕ್ಷವು ಹೇಳುವುದಿಷ್ಟು: ಮನುಷ್ಯನಿಗೆ ಇರುವ ವರ್ಷಗಳು ಎಣಿಕೆಯವು. ತನ್ನೊಳಗಿನ ಶಕ್ತಿಯಲ್ಲಿ ಯಾವುದು ಮೇಲಾದುದು ಎಂದು ತೋರುವುದೋ ಅದನ್ನು ಬೆಳೆಸುವುದು ಅವನ ಧರ್ಮ. ತಿಂಗಳಿಗೊಂದರಂತೆ ಒಗಟು ಕಟ್ಟುವುದು ಸುಲಭದ ಕೆಲಸವಲ್ಲ. ಒಂದು ಸಣ್ಣ ಪತ್ತೇದಾರಿ ಕಥೆಗೆ ಬೇಕಾದ ಸಂವಿಧಾನವು ಒಂದು ದೊಡ್ಡ ಕಾದಂಬರಿಗೆ ಬೇಕಾದಷ್ಟೇ ಇರುತ್ತದೆ. ಹಣವೂ ಹೊಗಳಿಕೆಯೂ ಬರುತ್ತಿವೆಯೆಂದು ಮಾತ್ರ ಅದರಲ್ಲಿಯೇ ಸವೆದುಹೋಗುವುದು ಆತ್ಮವಂಚನೆ. ಓದುಗರ ಪಕ್ಷವು ಹೇಳುವುದು ಹೀಗೆ: ಸಂಜೆ ಕೆಲಸದಿಂದ ದಣಿದು ರೈಲಿನಲ್ಲಿ ಮನೆಗೆ ಹೋಗುವ ಗುಮಾಸ್ತನಿಗೆ ಅರ್ಧ ಗಂಟೆಯ ಸಂತೋಷವನ್ನು ಕೊಡುವ ಕಥೆಯು ಕೀಳೆಂದು ತೀರ್ಮಾನಿಸಿದವರಾರು? ಹೆತ್ತವಳಿಗೆ ಮಗುವಿನ ಮೇಲೆ ಪ್ರೀತಿಯಿರಬಹುದು; ಮಗುವಿನ ಭವಿಷ್ಯವನ್ನು ಅವಳು ಬಲ್ಲಳೆಂದು ಹೇಳಲಾಗದು. ಗ್ರಂಥಕರ್ತನೂ ತನ್ನ ಗ್ರಂಥಗಳ ವಿಷಯದಲ್ಲಿ ಹಾಗೆಯೇ. ತನ್ನ ಕೃತಿಗಳ ತಾರತಮ್ಯವನ್ನು ನಿರ್ಣಯಿಸಲು ಅವನ ಮಾತೇ ಪ್ರಮಾಣವಲ್ಲ.

ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿರುವುದರಿಂದಲೇ ವಿಚಾರವು ಕಠಿನವಾಗಿದೆ. ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಓದುಗನಿಗೆ ಬರೆದುದರ ಮೇಲೆ ಹಕ್ಕುಂಟು. ಬರೆಯದುದರ ಮೇಲೆ ಹಕ್ಕಿಲ್ಲ. ಅಚ್ಚಾಗಿ ಕೈಸೇರಿದ ಕಥೆಯನ್ನು ಮೆಚ್ಚುವುದೂ ಜರೆಯುವುದೂ ಕರ್ತೃವಿನ ಅಭಿಪ್ರಾಯವನ್ನು ಮೀರಿ ಅದರಲ್ಲಿ ಅರ್ಥವನ್ನು ಕಾಣುವುದೂ ಅವನಿಗೆ ಬಿಟ್ಟುದು. ಆದರೆ ಇನ್ನೂ ಹುಟ್ಟದ ಗ್ರಂಥವನ್ನು ಸಾಲದಂತೆ ವಸೂಲುಮಾಡುವ ಅಧಿಕಾರ ಅವನಿಗೆ ಬಂದುದು ಎಲ್ಲಿಂದ? ನಿಲ್ಲಿಸುವ ಸ್ವಾತಂತ್ರ್ಯ ಡಾಯ್ಲನಿಗೆ ಇದ್ದೇ ಇತ್ತು. ಆತನು ಹೋಮ್ಸನನ್ನು ಕೊಂದುದು ಅಪರಾಧವಲ್ಲ. ದೋಷವೇನಾದರೂ ಇದ್ದಲ್ಲಿ ಅದು ಕೊಂದುದರಲ್ಲಿ ಅಲ್ಲ, ಹೋಮ್ಸನನ್ನು ಕುರಿತ ತಿರಸ್ಕಾರದಲ್ಲಿ.

ಇದೇ ಕಸುಬಿನ ಇನ್ನಿಬ್ಬರು ಈ ಸಂಕಟವನ್ನು ಬೇರೆ ಬೇರೆ ವಿಧದಲ್ಲಿ ಪರಿಹರಿಸಿಕೊಂಡರು. ಅಗಾಥಾ ಕ್ರಿಸ್ಟಿ ತಾನು ಸೃಷ್ಟಿಸಿದ ಪತ್ತೇದಾರ ಪ್ವಾರೊನನ್ನು ಕಂಡು ಬೇಸತ್ತಿದ್ದಳಾದರೂ ಅವನನ್ನು ಓದುಗರಿಂದ ಕಿತ್ತುಕೊಳ್ಳಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬಾಂಬುಗಳ ಭಯದ ನಡುವೆ, ಅವನ ಕೊನೆಯ ಕಥೆಯನ್ನು ಬರೆದು ಮಗಳಿಗೆಂದು ಭದ್ರಪಡಿಸಿಟ್ಟಳು. ಆಮೇಲೆ ಮೂವತ್ತು ವರ್ಷಗಳ ಕಾಲ, ಅಂತ್ಯವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡೇ, ಅವನ ಹೊಸ ಕಥೆಗಳನ್ನು ಹೇಳುತ್ತ ಹೋದಳು. 'ಕರ್ಟನ್' ಎಂಬ ಆ ಗ್ರಂಥವು 1975ರಲ್ಲಿ ಪ್ರಕಟವಾಯಿತು. ಮುಂದಿನ ಜನವರಿಯಲ್ಲಿ ಆಕೆಯೂ ತೀರಿಕೊಂಡಳು. ಡೊರೊತಿ ಸೇಯರ್ಸ್ ಕೊಲ್ಲಲೂ ಇಲ್ಲ, ಮುಂದುವರಿಸಲೂ ಇಲ್ಲ. 1937ರಲ್ಲಿ ತನ್ನ ಪತ್ತೇದಾರ ವಿಮ್ಸಿಗೆ ಮದುವೆಯ ಕಥೆಯನ್ನು ಬರೆದು ಮುಗಿಸಿ, ಅನಂತರದ ಕಾದಂಬರಿಯನ್ನು ಅರ್ಧಕ್ಕೇ ಬಿಟ್ಟು, ಧಾರ್ಮಿಕ ನಾಟಕಗಳಿಗೂ ಕೊನೆಗೆ ಡಾಂಟೆ ಮಹಾಕವಿಯ ಭಾಷಾಂತರಕ್ಕೂ ತನ್ನನ್ನು ಕೊಟ್ಟುಕೊಂಡಳು. ಮೂರು ಭಾಗಗಳಲ್ಲಿ ಎರಡನ್ನು ಮುಗಿಸಿ ಮೂರನೆಯದರ ನಡುವೆ 1957ರಲ್ಲಿ ಮಡಿದಳು. ಆ ಮೂರನೆಯ ಭಾಗವನ್ನು ಆಕೆಯ ಗೆಳತಿ ಬಾರ್ಬರಾ ರೆನಾಲ್ಡ್ಸ್ ಪೂರ್ಣಮಾಡಿ 1962ರಲ್ಲಿ ಹೊರತಂದಳು. ಆಕೆ ಬೇಡವೆಂದು ಬಿಟ್ಟಿದ್ದ ಕಾದಂಬರಿಯನ್ನೂ ಜಿಲ್ ಪೇಟನ್ ವಾಲ್ಷ್ ಎಂಬಾಕೆ ಮುಗಿಸಿದುದರಿಂದ ಅದು 1998ರಲ್ಲಿ ಬೆಳಕು ಕಂಡಿತು. ಬಯಸಿ ಹಿಡಿದ ಕೆಲಸವೂ ಬೇಸತ್ತು ಬಿಟ್ಟ ಕೆಲಸವೂ ಎರಡೂ ಅಪೂರ್ಣವಾಗಿ ಉಳಿದು, ಎರಡೂ ಪರರ ಕೈಯಿಂದ ಪೂರ್ಣವಾದುವು. ಮುಂದಿನ ಗ್ರಂಥಗಳ ಯೋಜನೆಯೆಂಬುದು ಎಷ್ಟರಮಟ್ಟಿಗೆ ಮನುಷ್ಯನ ವಶದಲ್ಲಿದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಡಾಯ್ಲನಾದರೋ ಬಹಳ ಕಾಲ ತಡೆಯಲಾರದೆ ಹೋದನು. 1901ರಲ್ಲಿ, ಹೋಮ್ಸನು ಸಾಯುವುದಕ್ಕೆ ಮುಂಚೆ ನಡೆದುದೆಂಬ ನೆವದಿಂದ, 'ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್' ಕಥೆಯನ್ನು ಪ್ರಾರಂಭಿಸಿದನು. 1903ರಲ್ಲಿ ಅವನನ್ನು ಪ್ರಪಾತದಿಂದ ಬದುಕಿಸಿಯೇ ತಂದನು. ಹೀಗೆ 1927ರ ವರೆಗೂ ನಡೆದು, ಒಟ್ಟು 56 ಸಣ್ಣ ಕಥೆಗಳೂ 4 ಕಾದಂಬರಿಗಳೂ ಆದುವು. ನಡುವೆ 1906ರಲ್ಲಿ 'ಸರ್ ನೈಜೆಲ್' ಎಂಬ ಐತಿಹಾಸಿಕ ಕಾದಂಬರಿ ಪುಸ್ತಕವಾಗಿ ಹೊರಬಂದಿತು. ಅದೂ 'ದಿ ವೈಟ್ ಕಂಪನಿ'ಯೂ ತನ್ನ ಉತ್ತಮ ಕೃತಿಗಳೆಂಬ ನಂಬಿಕೆಯನ್ನು ಆತನು ಎಂದೂ ಬಿಡಲಿಲ್ಲ.

ಆದರೆ ಅದೇ 1906ರ ಕೊನೆಯಲ್ಲಿ ನಡೆದ ಸಂಗತಿಯೊಂದು, ಯಾವ ಕೃತಿ ಮೇಲು ಯಾವುದು ಕೀಳು ಎಂಬ ಪ್ರಶ್ನೆಯನ್ನೇ ತಲೆಕೆಳಗು ಮಾಡುತ್ತದೆ. ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್ ಸೀಮೆಯ ಗ್ರೇಟ್ ವರ್ಲಿ ಎಂಬ ಹಳ್ಳಿಯಲ್ಲಿ ಷಾಪುರ್ಜಿ ಎಡಲ್ಜಿ ಎಂಬಾತನು ಪಾದ್ರಿಯಾಗಿದ್ದನು. ಬೊಂಬಾಯಿಯ ಪಾರ್ಸಿ ಮನೆತನದಲ್ಲಿ ಹುಟ್ಟಿ ಕ್ರೈಸ್ತನಾದವನು, ಹೆಂಡತಿ ಇಂಗ್ಲಿಷರವಳು. ಅವರ ಮಗ ಜಾರ್ಜನು ಬರ್ಮಿಂಗ್‌ಹ್ಯಾಮ್ ನಗರದಲ್ಲಿ ವಕೀಲಿಯನ್ನು ನಡೆಸುತ್ತಿದ್ದನು. 1903ರಲ್ಲಿ ಆ ಹಳ್ಳಿಯ ಸುತ್ತಮುತ್ತ ಕುದುರೆ, ದನ, ಕುರಿಗಳನ್ನು ರಾತ್ರಿಯ ಹೊತ್ತು ಯಾರೋ ಇರಿದು ಸೀಳಿಹಾಕುತ್ತಿದ್ದರು. ಜಾರ್ಜನನ್ನು ದೂರುವ ಅನಾಮಧೇಯ ಪತ್ರಗಳೂ ಬಂದುವು. ಮೈಬಣ್ಣ ಬೇರೆ, ನಡತೆಯಲ್ಲಿ ಸಂಕೋಚ, ಊರಿನಲ್ಲಿ ಆಪ್ತರಿಲ್ಲ. ಇಷ್ಟರಮೇಲೆ ಸಂಶಯವು ಬಲಿಯಿತು. ಅವನಿಗೆ ಏಳು ವರ್ಷಗಳ ಕಠಿನ ಶಿಕ್ಷೆಯಾಯಿತು. ಮೂರು ವರ್ಷ ಕಳೆದಮೇಲೆ, ಕಾರಣವನ್ನೂ ಹೇಳದೆ, ನಿರ್ದೋಷಿಯೆಂದೂ ಸಾರದೆ, ಅವನನ್ನು ಹೊರಕ್ಕೆ ಬಿಟ್ಟರು. ವಕೀಲಿಯ ಹಕ್ಕು ಹೋಗಿತ್ತು. ಅವನು ಡಾಯ್ಲನಿಗೆ ಮೊರೆಯಿಟ್ಟನು.

ಆ ಜುಲೈ ತಿಂಗಳಿನಲ್ಲಿ ಡಾಯ್ಲನ ಹೆಂಡತಿ ತೀರಿಕೊಂಡಿದ್ದಳು. ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲುತ್ತಿರಲಿಲ್ಲ. ಆದರೂ ಆತನು ಕಾಗದಪತ್ರಗಳನ್ನು ಓದಿ ಜಾರ್ಜನನ್ನು ಒಂದು ಹೋಟೆಲಿಗೆ ಬರಹೇಳಿದನು. ತಾನು ಬರುವುದು ಸ್ವಲ್ಪ ತಡವಾಯಿತು. ಬಾಗಿಲಲ್ಲಿ ನಿಂತು ನೋಡುವಾಗ, ಆ ತರುಣನು ವೃತ್ತಪತ್ರಿಕೆಯನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು, ಓರೆಯಾಗಿ ತಿರುಗಿಸಿ ಓದುತ್ತಿದ್ದನು. ಒಬ್ಬ ರೋಗಿಯನ್ನೂ ಕಾಣದೆ ಕೋಣೆ ಮುಚ್ಚಿದ್ದ ಆ ಕಣ್ಣಿನ ವೈದ್ಯನಿಗೆ ಅಷ್ಟು ಸಾಕಾಯಿತು. ಇಷ್ಟು ಮಂದದೃಷ್ಟಿಯವನು ಕತ್ತಲೆಯಲ್ಲಿ, ಮಳೆಯಲ್ಲಿ, ಬೇಲಿಗಳನ್ನೂ ರೈಲುದಾರಿಯನ್ನೂ ದಾಟಿ, ಹೊಲಗಳ ನಡುವೆ ಹೋಗಿ, ಕಾವಲಿನವರ ಕಣ್ಣು ತಪ್ಪಿಸಿ ಪ್ರಾಣಿಯನ್ನು ಇರಿದು ಬಂದನೆಂಬುದು ನಂಬತಕ್ಕ ಮಾತೆ? 1907ರ ಜನವರಿಯಲ್ಲಿ 'ಡೈಲಿ ಟೆಲಿಗ್ರಾಫ್' ಪತ್ರಿಕೆಯಲ್ಲಿ ಆತನು ಸಾಕ್ಷ್ಯವನ್ನೆಲ್ಲ ಒಂದೊಂದಾಗಿ ಬಿಡಿಸಿ ಬರೆದನು. ಮೇ ತಿಂಗಳಲ್ಲಿ ಸರಕಾರವು ಜಾರ್ಜನಿಗೆ ಕ್ಷಮಾದಾನವನ್ನು ಕೊಟ್ಟಿತು; ಪತ್ರಗಳ ವಿಷಯದಲ್ಲಿ ಅವನ ಮೇಲೆ ತಪ್ಪು ಹೊರಿಸಿ, ಪರಿಹಾರಧನವನ್ನು ಮಾತ್ರ ಕೊಡಲಿಲ್ಲ. ಅರ್ಧ ನ್ಯಾಯವಾದರೂ ಅವನು ಮತ್ತೆ ವಕೀಲನಾದನು. ಅದೇ ವರ್ಷ ಇಂಗ್ಲೆಂಡಿನಲ್ಲಿ ಅಪರಾಧಗಳ ಮೇಲ್ಮನವಿಯ ನ್ಯಾಯಾಲಯವು ಸ್ಥಾಪಿತವಾದುದಕ್ಕೆ ಈ ಮೊಕದ್ದಮೆಯೂ ಒಂದು ಪ್ರೇರಣೆ.

ಆಸ್ಕರ್ ಸ್ಲೇಟರ್ ಎಂಬ ಜರ್ಮನಿಯ ಯೆಹೂದ್ಯನ ವಿಷಯವೂ ಇಂತಹುದೇ. ಗ್ಲಾಸ್ಗೋ ನಗರದಲ್ಲಿ ಮುದುಕಿಯೊಬ್ಬಳ ಕೊಲೆಗಾಗಿ 1909ರಲ್ಲಿ ಅವನಿಗೆ ಮರಣದಂಡನೆಯಾಗಿ, ಅದು ಜೀವಾವಧಿ ಶಿಕ್ಷೆಗೆ ಇಳಿದಿತ್ತು. ಅವನ ನಡತೆ ಒಳ್ಳೆಯದಲ್ಲವೆಂಬುದು ಡಾಯ್ಲನಿಗೆ ಗೊತ್ತಿತ್ತು. ನಡತೆ ಕೆಟ್ಟವನಾದ ಮಾತ್ರಕ್ಕೆ ಕೊಲೆಗಾರನಾಗನೆಂಬುದೂ ಗೊತ್ತಿತ್ತು. 1912ರಲ್ಲಿ ಆ ವಿಷಯವಾಗಿ ಪುಸ್ತಕವನ್ನು ಬರೆದನು. ಹದಿನಾರು ವರ್ಷಗಳ ತರುವಾಯ, 1928ರಲ್ಲಿ, ಆ ತೀರ್ಪು ರದ್ದಾಯಿತು. ಬಿಡುಗಡೆಯಾದವನು ಖರ್ಚಿನ ವಿಷಯದಲ್ಲಿ ಡಾಯ್ಲನೊಡನೆ ಜಗಳವಾಡಿದನು. ಉಪಕಾರಕ್ಕೆ ಪ್ರತ್ಯುಪಕಾರವಿಲ್ಲದೆ ಹೋಯಿತಾದರೂ ನ್ಯಾಯವು ನ್ಯಾಯವಾಗಿಯೇ ಉಳಿಯಿತು.

ಈಗ ವಿಚಾರಿಸತಕ್ಕದ್ದು ಇದು. ಆ ಇಬ್ಬರು ನಿರಪರಾಧಿಗಳಿಗೆ ನೆರವಾದುದು ಯಾವ ವಿದ್ಯೆ? ವದಂತಿಯನ್ನು ಸಾಕ್ಷ್ಯವೆಂದು ತಿಳಿಯಬಾರದು, ಮುಖವನ್ನು ನೋಡಿ ಅಪರಾಧವನ್ನು ಹೊರಿಸಬಾರದು, ಎಲ್ಲರೂ ನೋಡಿ ಬಿಟ್ಟುದನ್ನು ಮತ್ತೊಮ್ಮೆ ನೋಡಬೇಕು. ಇದು ಹೋಮ್ಸನ ಕಥೆಗಳ ವಿದ್ಯೆ. ತಿಂಗಳು ತಿಂಗಳೂ ಗೊಣಗುತ್ತ ಬರೆದ ಆ ಕಥೆಗಳಲ್ಲಿ ಆತನು ತನಗೆ ತಿಳಿಯದೆಯೇ ಈ ಅಭ್ಯಾಸವನ್ನು ಮಾಡಿಕೊಂಡಿದ್ದನು. ಜಾರ್ಜನು ಆತನಿಗೆ ಮೊರೆಯಿಟ್ಟುದೂ ಲೋಕವು ಆತನ ಮಾತಿಗೆ ಕಿವಿಗೊಟ್ಟುದೂ ಹೋಮ್ಸನ ಕರ್ತೃವೆಂಬುದರಿಂದಲೇ. ಆದರೆ ದುರ್ಬಲನ ಪಕ್ಷ ವಹಿಸಿ ಹೋರಾಡಬೇಕೆಂಬ ಕೆಚ್ಚು? ಅದು ತಾಯಿ ಹೇಳಿದ ವೀರರ ಕಥೆಗಳಿಂದ, 'ದಿ ವೈಟ್ ಕಂಪನಿ'ಯ ಶೂರರಿಂದ ಬಂದುದು. ಆತನು ಜೀವಮಾನವೆಲ್ಲ ಒಂದರೊಡನೊಂದು ಕಾದಾಡುತ್ತಿವೆಯೆಂದು ತಿಳಿದ ಎರಡು ಬೀಜಗಳು ಈ ಒಂದು ಕೆಲಸದಲ್ಲಿ ಒಂದೇ ಗಿಡವಾಗಿ ಫಲಕೊಟ್ಟುವು.

ಹಾಗೆಂದು, ಒಳ್ಳೆಯ ಗ್ರಂಥವನ್ನು ಬರೆದವನಿಗೆ ಅದರ ಗುಣವು ತಾನಾಗಿ ದಕ್ಕುವುದೆಂದು ಭ್ರಮಿಸಬಾರದು. ಅದೇ ಡಾಯ್ಲನು, ಮಹಾಯುದ್ಧದ ಕೊನೆಯಲ್ಲಿ ಮಗನನ್ನೂ ತಮ್ಮನನ್ನೂ ಕಳೆದುಕೊಂಡಮೇಲೆ, ಪ್ರೇತವಾದದಲ್ಲಿ ಪೂರ್ಣವಾಗಿ ಮುಳುಗಿದನು. ಕಾಟಿಂಗ್ಲೆ ಎಂಬ ಹಳ್ಳಿಯ ಇಬ್ಬರು ಹುಡುಗಿಯರು ಕಾಗದದಲ್ಲಿ ಕತ್ತರಿಸಿದ ಬೊಂಬೆಗಳನ್ನು ನಿಲ್ಲಿಸಿ ತೆಗೆದ ಭಾವಚಿತ್ರಗಳನ್ನು ನೋಡಿ, ನಿಜವಾದ ಯಕ್ಷಿಣಿಯರೆಂದು ನಂಬಿ, 1920ರಲ್ಲಿ ಅದೇ 'ಸ್ಟ್ರಾಂಡ್' ಪತ್ರಿಕೆಯಲ್ಲಿ ಬರೆದನು; 1922ರಲ್ಲಿ ಒಂದು ಪುಸ್ತಕವನ್ನೂ ಅಚ್ಚುಹಾಕಿಸಿದನು. ಆ ಹುಡುಗಿಯರು ಮುದುಕಿಯರಾದಮೇಲೆ 1983ರಲ್ಲಿ ನಿಜವನ್ನು ಒಪ್ಪಿಕೊಂಡರು. ಹೋಮ್ಸನು ಒಂದು ನಿಮಿಷದಲ್ಲಿ ಕಂಡುಹಿಡಿಯುತ್ತಿದ್ದುದನ್ನು ಹೋಮ್ಸನ ಕರ್ತೃವು ಕಾಣದೆ ಹೋದನು. ಪುತ್ರಶೋಕದ ಮುಂದೆ ಯಾರ ಬುದ್ಧಿ ತಾನೆ ಸ್ಥಿರವಾಗಿ ನಿಂತೀತು? ನಗುವುದಕ್ಕಿಂತ ಮರುಗುವುದೇ ಇಲ್ಲಿ ಯುಕ್ತ. ಆದರೆ ಪಾಠವಂತೂ ಸ್ಪಷ್ಟ: ಗ್ರಂಥದ ವಿವೇಕವು ಕರ್ತೃವಿನ ಆಸ್ತಿಯಲ್ಲ. ಅದನ್ನು ಅವನೂ ಓದುಗನಂತೆಯೇ ಪ್ರತಿಸಲವೂ ದುಡಿದು ಪಡೆಯಬೇಕು.

ಹೀಗಿರಲು, ಮೊದಲು ಕೇಳಿದ ಪ್ರಶ್ನೆಗೆ ಉತ್ತರವೇನು? ಮುಂದೆ ಇಂತಹ ಗ್ರಂಥವನ್ನು ಬರೆಯಬೇಕೆಂಬ ಸಂಕಲ್ಪವನ್ನು ಕರ್ತೃವು ಬಿಡಬೇಕಾದುದಿಲ್ಲ. ಅದು ಅವನ ನಡೆಗೆ ದಿಕ್ಕು. ಅದಿಲ್ಲದವನು ಕೂಲಿಯ ಬರೆಹಗಾರನಾಗುತ್ತಾನೆ. ಆದರೆ ದಾರಿಯಲ್ಲಿ ಕೈಗೆ ಬಂದ ಕೆಲಸವನ್ನು, ಸಂಕಲ್ಪಿಸಿದುದಲ್ಲವೆಂಬ ಕಾರಣದಿಂದ, ಅರೆಮನಸ್ಸಿನಿಂದ ಮಾಡುವ ಅಧಿಕಾರ ಅವನಿಗಿಲ್ಲ. ಡಾಯ್ಲನ ಹೆಚ್ಚಳವಿರುವುದು ಇಲ್ಲಿಯೇ: ಹೋಮ್ಸನನ್ನು ಬಾಯಲ್ಲಿ ಬೈದರೂ ಅವನ ಕಥೆಗಳನ್ನು ಕಟ್ಟುವಾಗ ಆತನು ಕೈಯ ಕಸುಬಿಗೆ ಬಹುಮಟ್ಟಿಗೆ ಮೋಸಮಾಡಲಿಲ್ಲ. ಮೋಸಮಾಡಿದ್ದರೆ, ಹೋಟೆಲಿನ ಬಾಗಿಲಲ್ಲಿ ನಿಂತಾಗ ಆತನ ಕಣ್ಣು ಅಷ್ಟು ಚುರುಕಾಗಿರುತ್ತಿರಲಿಲ್ಲ.

ಡಾಯ್ಲನು 1930ನೆಯ ಜುಲೈ 7ರಂದು ತೀರಿಕೊಂಡನು. ಆತನ ಸಮಾಧಿಯ ಕಲ್ಲಿನ ಮೇಲೆ ಸರದಾರ, ದೇಶಭಕ್ತ, ವೈದ್ಯ, ಸಾಹಿತಿ ಎಂಬ ಬಿರುದುಗಳಿವೆ, ಹೋಮ್ಸನ ಹೆಸರಿಲ್ಲ. ಅತ್ತ ಲಂಡನ್ನಿನ ಬೇಕರ್ ಬೀದಿಯಲ್ಲಿ, ಎಂದೂ ಇರದಿದ್ದ ಆ ಪತ್ತೇದಾರನ ವಿಳಾಸಕ್ಕೆ, ತಮ್ಮ ಕಷ್ಟವನ್ನು ಪರಿಹರಿಸಬೇಕೆಂದು ಬೇಡುವ ಕಾಗದಗಳು ಆತನ ಮರಣಾನಂತರವೂ ಬರುತ್ತಲೇ ಇದ್ದುವು. ವಿನಾಯಕನು ಒಂದು ಕಡೆ, ಹನುಮಂತನು ಒಂದು ಕಡೆ. ಎರಡನ್ನೂ ಕಡೆದುದು ಒಂದೇ ಉಳಿ. ಹೋಮ್ಸನ ಕಥೆಗಳನ್ನು ಮೆಚ್ಚಿದ ಮನೆಗಳಲ್ಲಿ ಒಂದು ಸಂಜೆಯಾದರೂ 'ದಿ ವೈಟ್ ಕಂಪನಿ'ಯನ್ನು ತೆರೆದು ನೋಡಿದರೆ, ಆ ಶಿಲ್ಪಿಯ ಋಣದಲ್ಲಿ ಉಳಿದಿರುವ ಸ್ವಲ್ಪ ಭಾಗವೂ ಸಂದಂತಾಗುತ್ತದೆ.